ಜಮಖಂಡಿಯ ಸೂರ್ಯ, ಬಂದರಿನ ಗಾಜು

1868ರ ಆಗಸ್ಟ್ 18, ಮಂಗಳವಾರ. ಬೆಳಗ್ಗೆ ಒಂಬತ್ತರ ಆಸುಪಾಸಿನಲ್ಲಿ ಚಂದ್ರನ ನೆರಳು ಅರಬ್ಬೀ ಸಮುದ್ರ ದಾಟಿ ನೆಲಕ್ಕೆ ಬಂತು. ಜಮಖಂಡಿ, ವಿಜಯಪುರದ ಮೇಲೆ ಹಾದು, ನಿಜಾಮರ ಸೀಮೆಯನ್ನು ಅಡ್ಡಹಾಯ್ದು, ಗುಂಟೂರು, ಮಚಲೀಪಟ್ಟಣ ದಾಟಿ ಬಂಗಾಳ ಕೊಲ್ಲಿಗೆ ಇಳಿಯಿತು. ಕನ್ನಡದ ಊರುಗಳಲ್ಲಿ ಹೊತ್ತಿದ್ದಂತೆಯೇ ಕತ್ತಲಾಗಿ, ಅದೇ ಕತ್ತಲು ಕೆಲವೇ ನಿಮಿಷಗಳಲ್ಲಿ ತೆಲುಗಿನ ಊರುಗಳನ್ನು ಮುಟ್ಟಿತ್ತು. ಗ್ರಹಣವೆಂದರೆ ಮನೆಬಾಗಿಲು ಹಾಕಿ ದರ್ಭೆ ಹುಡುಕುವ ಕಾಲ ಅದು. ಆದರೆ ಅವತ್ತು ಈ ನೆರಳಿನ ದಾರಿಯುದ್ದಕ್ಕೂ ಕೆಲವರು ಗಾಜಿನ ಪೆಟ್ಟಿಗೆಗಳನ್ನು ಬಿಚ್ಚಿಟ್ಟುಕೊಂಡು ಕಾದಿದ್ದರು.

ಜಮಖಂಡಿಯಲ್ಲಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ್ದ ಉಪಕರಣಗಳು ಅವನ ಬಳಿ ಇದ್ದವು. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಮೇಜರ್ ಟೆನೆಂಟ್. ಅದೇ ಗುಂಟೂರಿನಲ್ಲಿ ಒಬ್ಬ ಫ್ರೆಂಚ್ ವ್ಯಾಪಾರಿಯ ಮನೆಯಲ್ಲಿ ಬೀಡುಬಿಟ್ಟಿದ್ದವನು ಪ್ಯಾರಿಸ್ಸಿನಿಂದ ಬಂದ ಜೂಲ್ಸ್ ಜಾನ್ಸೆನ್. ಮಚಲೀಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್. ಎಲ್ಲರಿಗೂ ಒಂದೇ ಪ್ರಶ್ನೆ: ಗ್ರಹಣ ಪೂರ್ತಿಯಾದಾಗ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ನಾಲಗೆಗಳು ಏನು? ಬೆಂಕಿಯೋ, ಮೋಡವೋ, ಚಂದ್ರನ ಮೇಲಿನ ಬೆಟ್ಟವೋ? ಅದಕ್ಕೆ ಉತ್ತರ ಹೇಳಬಲ್ಲ ಉಪಕರಣ ರೋಹಿತದರ್ಶಕ. ಗಾಜಿನ ಪಟ್ಟಕವೊಂದು ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆ. ಬಿಡಿಸಿದ ಬಣ್ಣ ನಿರಂತರ ಪಟ್ಟಿಯಾಗಿದ್ದರೆ ಒಂದು ಅರ್ಥ, ಬಿಡಿ ಬಿಡಿ ಹೊಳೆಯುವ ಗೆರೆಗಳಾಗಿದ್ದರೆ ಇನ್ನೊಂದು.

ಗೆರೆಗಳೇ ಕಂಡವು. ಅಂದರೆ ಆ ನಾಲಗೆಗಳು ಕಾದ ಅನಿಲ. ಜಮಖಂಡಿಯಲ್ಲಿ ಮೋಡ ಕಾಟ ಕೊಟ್ಟಿತ್ತು. ಆದರೂ ಮೋಡದ ಬಿರುಕಿನಲ್ಲಿ ಹರ್ಷೆಲ್‌ಗೆ ಕೆಂಪು, ಕಿತ್ತಳೆ, ನೀಲಿಯ ಮೂರು ಗೆರೆಗಳು ಸಿಕ್ಕವು. ಆ ಕಿತ್ತಳೆ ಗೆರೆ ಸೋಡಿಯಂನದು ಅಂದುಕೊಂಡ. ಗುಂಟೂರಿನಲ್ಲಿ ಟೆನೆಂಟ್ ಕೂಡ ಹಾಗೇ ತಿಳಿದ. ಸೋಡಿಯಂ ಅಂದರೆ ನಮ್ಮ ಅಡುಗೆ ಉಪ್ಪಿನೊಳಗಿನ ಸೋಡಿಯಂ. ಬೀದಿದೀಪದ ಹಳದಿ ಬೆಳಕು. ಮಚಲೀಪಟ್ಟಣದ ಪಾಗ್ಸನ್ ಮಾತ್ರ ಆ ಗೆರೆ ಸೋಡಿಯಂನ ಜಾಗದಲ್ಲಿ ಸರಿಯಾಗಿ ಕೂರುತ್ತಿಲ್ಲ, ಸ್ವಲ್ಪ ಪಕ್ಕದಲ್ಲಿದೆ ಎಂದು ಗುರುತಿಸಿದ. ಆ ಪಕ್ಕದ ಗೆರೆ ಹೀಲಿಯಂನದು. ಭೂಮಿಯ ಮೇಲೆ ಅದು ಸಿಗಲು 1895ರವರೆಗೆ, ವಿಲಿಯಂ ರಾಮ್ಸೆಯವರೆಗೆ ಕಾಯಬೇಕಾಯಿತು. ಪಾಗ್ಸನ್‌ನ ವರದಿ ಮದ್ರಾಸ್ ಸರ್ಕಾರದ ಕಡತಗಳ ಆಚೆ ಹೆಚ್ಚು ದೂರ ಹೋಗಲಿಲ್ಲ. ಶಾಲಾ ಪುಸ್ತಕಗಳಲ್ಲಿ ಹೀಲಿಯಂ ಕಂಡುಹಿಡಿದವನು ಜಾನ್ಸೆನ್ ಎಂದಿರುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಹೀಲಿಯಂ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿ ಪಾಗ್ಸನ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಿದ್ದಾರೆ.

ಜಾನ್ಸೆನ್ ಮಾಡಿದ್ದು ಬೇರೆ, ಅದೇನೂ ಸಣ್ಣದಲ್ಲ. ಗೆರೆಗಳು ಅಷ್ಟು ಪ್ರಕಾಶಮಾನವಾಗಿದ್ದವೆಂದರೆ, ಗ್ರಹಣವಿಲ್ಲದೆಯೂ ಕಾಣಬೇಕು ಎಂದು ಅವನಿಗೆ ಹೊಳೆಯಿತು. ಮರುದಿನ ಬೆಳಗ್ಗೆಯೇ ಗುಂಟೂರಿನಲ್ಲಿ ಪೂರ್ಣ ಸೂರ್ಯನ ಅಂಚಿಗೆ ಉಪಕರಣ ಹಿಡಿದು ನೋಡಿದ, ಕಂಡವು. ಕಾಕಿನಾಡದಿಂದ ಅವನು ಪ್ಯಾರಿಸ್ಸಿಗೆ ಬರೆದ ಕಾಗದ ಅಕ್ಟೋಬರ್ 26ರಂದು ಅಕಾಡೆಮಿಯ ಸಭೆಗೆ ತಲುಪಿತು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅದನ್ನೇ ಸ್ವತಂತ್ರವಾಗಿ ಕಂಡಿದ್ದ ಸುದ್ದಿಯೂ ಅದೇ ಸಭೆಗೆ ಬಂದಿತ್ತು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ತಿಂಗಳಿಗೆರಡು ಸಲ ಓಡಾಡುವ ನನಗೆ, ಸಾಮಲಕೋಟದಲ್ಲಿ ಕಾಕಿನಾಡದ ಜನ ಇಳಿಯುವಾಗೆಲ್ಲ ಆ ಕಾಗದದ ನೆನಪು. ಸುತ್ತ ಕೂತವರಿಗೆ ಹೇಳಿದರೆ ಕಾಕಿನಾಡ ಕಾಜಾದ ಮಾತಿಗೆ ತಿರುಗುತ್ತಾರೆ. ಅದೂ ನ್ಯಾಯವೇ.

ಈ ಗ್ರಹಣದ ಕತೆಯನ್ನು ಹಲವರು ಬರೆದಿದ್ದಾರೆ. ನನ್ನ ಕುತೂಹಲ ಅವರ ಕೈಯಲ್ಲಿದ್ದ ಗಾಜಿನದು. ಪಾಗ್ಸನ್‌ಗೆ ಕಂಡದ್ದು ಹರ್ಷೆಲ್‌ಗೆ ಕಾಣದಿರಲು ಮೋಡ, ಆತುರ ಎಲ್ಲ ಕಾರಣವಿರಬಹುದು. ಆದರೆ ಕೊನೆಗೆ ಆಕಾಶಕ್ಕೂ ಕಣ್ಣಿಗೂ ನಡುವೆ ಇರುವ ಗಾಜು ಎಷ್ಟನ್ನು ಬಿಡುತ್ತದೋ ಅಷ್ಟೇ ನಮಗೆ ದಕ್ಕುವುದು. ಈ ಕರಾವಳಿಯಲ್ಲಿ ಸುಮಾರು ನೂರೆಂಬತ್ತು ವರ್ಷಗಳಿಂದ ಜನ ಗಾಜಿನ ಮೂಲಕ ನೋಡುತ್ತಾ ಬಂದಿದ್ದಾರೆ, ಉಜ್ಜುವುದನ್ನೂ ಕಲಿತಿದ್ದಾರೆ. ಗಾಜಿನ ಗಟ್ಟಿ ಮಾತ್ರ ಬಹುಮಟ್ಟಿಗೆ ಹಡಗಿನಲ್ಲೇ ಬಂದಿದೆ.

ಜಮಖಂಡಿಯ ಹರ್ಷೆಲ್‌ನ ಮನೆತನದಿಂದಲೇ ಮುಂದುವರಿಯೋಣ. ಅವನ ತಾತ ವಿಲಿಯಂ ಹರ್ಷೆಲ್, ಯುರೇನಸ್ ಗ್ರಹ ಕಂಡವನು. 1800ರಲ್ಲಿ ಆ ತಾತ ಪಟ್ಟಕದಿಂದ ಬಿಡಿಸಿದ ಬಣ್ಣಗಳ ಮೇಲೆ ಒಂದೊಂದಾಗಿ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪಿನ ಆಚೆ, ಏನೂ ಕಾಣದ ಕಡೆ ಪಾದರಸ ಇನ್ನೂ ಏರಿತು. ಅದು ಅವಗೆಂಪು, ನಮ್ಮ ಮಾತಿನಲ್ಲಿ ಇನ್‌ಫ್ರಾರೆಡ್. ಕಾಣದ ಬೆಳಕು ಸಿಕ್ಕಿದ್ದೇನೋ ಸರಿ, ಅದನ್ನು ಹಿಡಿಯುವುದು ಕಷ್ಟವಾಯಿತು. ಕಾರಣ, ಗಾಜು ಅದರ ಬಹುಪಾಲನ್ನು ನುಂಗುತ್ತದೆ. ಮುಚ್ಚಿದ ಕಾರಿನೊಳಗೆ ಬಿಸಿಲಿನಲ್ಲಿ ಕೂತವರಿಗೆ ಇದು ಗೊತ್ತು: ಬೆಳಕು ಒಳಗೆ ಬರುತ್ತದೆ, ಕಾದ ಸೀಟಿನಿಂದ ಹೊರಟ ಶಾಖದ ಕಿರಣ ಹೊರಗೆ ಹೋಗುವುದಿಲ್ಲ.

ಇಟಲಿಯ ಮಾಸಿಡೋನಿಯೊ ಮೆಲ್ಲೋನಿ 1830ರ ದಶಕದಲ್ಲಿ ನಾನಾ ವಸ್ತುಗಳ ಬಿಲ್ಲೆ ಕತ್ತರಿಸಿ ಪರೀಕ್ಷಿಸಿ, ಶಾಖದ ಕಿರಣವನ್ನು ಸರಾಗವಾಗಿ ಬಿಡುವ ವಸ್ತುವೊಂದನ್ನು ಗುರುತಿಸಿದ: ಗಣಿಯ ಕಲ್ಲುಪ್ಪು. 1859ರ ನಂತರ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಗಾಳಿ, ಆವಿ, ಇಂಗಾಲದ ಡೈಆಕ್ಸೈಡ್‌ಗಳು ಶಾಖವನ್ನು ಎಷ್ಟು ಹೀರುತ್ತವೆಂದು ಅಳೆಯಲು ಉದ್ದನೆಯ ಹಿತ್ತಾಳೆ ಕೊಳವೆ ಮಾಡಿಸಿದ. ಆ ಕೊಳವೆಯ ಎರಡು ತುದಿಗೂ ಉಜ್ಜಿ ನುಣುಪುಗೊಳಿಸಿದ ಕಲ್ಲುಪ್ಪಿನ ಬಿಲ್ಲೆ. ಒಳಗಿನ ಅನಿಲ ಹೊರಗೆ ಹೋಗಬಾರದು, ಹೊರಗಿನ ಕಿರಣ ಒಳಗೆ ಬರಬೇಕು. ಇವತ್ತು ಹವಾಮಾನ ಬದಲಾವಣೆ ಎಂದು ನಾವು ಹೇಳುವ ವಿಜ್ಞಾನದ ಬುಡದಲ್ಲಿ ಎರಡು ಉಪ್ಪಿನ ಕಿಟಕಿಗಳಿವೆ.

ಕಿಟಕಿ ಎಂಬುದು ನಾನು ಕೊಟ್ಟ ಹೆಸರಲ್ಲ. ಆಪ್ಟಿಕಲ್ ವಿಂಡೋ ಎಂದೇ ಈ ಸರಕಿನ ಹೆಸರು. ಮಸೂರದಂತೆ ಅದು ಬೆಳಕನ್ನು ಕೂಡಿಸುವುದಿಲ್ಲ, ಪಟ್ಟಕದಂತೆ ಬಿಡಿಸುವುದಿಲ್ಲ. ಎರಡೂ ಮುಖ ಸಮತಟ್ಟಾದ ಬಿಲ್ಲೆ. ಒಂದು ಕಡೆ ಮಳೆ, ಉಪ್ಪುಗಾಳಿ, ಒತ್ತಡ, ಇನ್ನೊಂದು ಕಡೆ ಸೂಕ್ಷ್ಮ ಯಂತ್ರ. ನಡುವೆ ನಿಂತು ಬೆಳಕನ್ನು ಕದಡದೆ ಬಿಟ್ಟುಕೊಡುವುದೊಂದೇ ಅದರ ಕೆಲಸ. ಅದು ಸರಿಯಾಗಿದ್ದರೆ ಯಾರೂ ಅದನ್ನು ನೋಡುವುದಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ತಂಡದವರಿಗೆ ಈ ಪಾಡು ಚೆನ್ನಾಗಿ ಅರ್ಥವಾದೀತು.

ಈಗ ವಿಶಾಖಪಟ್ಟಣಕ್ಕೆ ಬರುತ್ತೇನೆ. ಇಲ್ಲಿ ಡಾಬಾ ಗಾರ್ಡನ್ಸ್ ಎಂಬ ಗದ್ದಲದ ಬಡಾವಣೆಯಿದೆ. 1840ರ ಸುಮಾರಿಗೆ ಅಲ್ಲಿ ಗೋಡೆ ವೆಂಕಟ ಜಗ್ಗಾರಾವ್ ಎಂಬ ಜಮೀನ್ದಾರರು ತಮ್ಮದೇ ಖರ್ಚಿನಲ್ಲಿ ವೀಕ್ಷಣಾಲಯ ಕಟ್ಟಿಸಿದರು. ಮದ್ರಾಸಿಗೆ ಹೋಗಿ ಅಲ್ಲಿನ ವೀಕ್ಷಣಾಲಯದ ಟಿ. ಜಿ. ಟೇಲರ್ ಬಳಿ ಖಗೋಳ ಕಲಿತು ಬಂದವರು ಅವರು. ಜಮೀನ್ದಾರರೆಂದರೆ ಆನೆ, ಕುದುರೆ, ನಾಟ್ಯಮೇಳ ಎಂದೇ ಎಣಿಸುವ ಕಾಲದಲ್ಲಿ ಇವರು ಹಣ ಸುರಿದದ್ದು ದೂರದರ್ಶಕಕ್ಕೆ. 1856ರಲ್ಲಿ ಅವರು ತೀರಿಕೊಂಡ ಮೇಲೆ ಅಳಿಯ ಅಂಕಿತಂ ವೆಂಕಟ ನರಸಿಂಗರಾವ್ ಅದನ್ನು ವಹಿಸಿಕೊಂಡರು. ಡೆಪ್ಯುಟಿ ಕಲೆಕ್ಟರ್ ಕೆಲಸದಲ್ಲಿದ್ದವರು, ಅದನ್ನು ಬಿಟ್ಟು ಮನೆತನದ ಆಸ್ತಿಯನ್ನೂ ಆಕಾಶವನ್ನೂ ನೋಡಿಕೊಂಡರು. 1871ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಫೆಲೋ ಆದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋದದ್ದನ್ನು ವಿಶಾಖಪಟ್ಟಣದಿಂದಲೇ ಅಳೆದು ವರದಿ ಕಳಿಸಿದರು.

ಆ ಶುಕ್ರಸಂಕ್ರಮಣಕ್ಕೆ ಒಂದು ಕನ್ನಡದ ಎಳೆಯೂ ಇದೆ. ಮದ್ರಾಸ್ ವೀಕ್ಷಣಾಲಯದಲ್ಲಿ ಪಾಗ್ಸನ್‌ನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಜನಸಾಮಾನ್ಯರಿಗೆ ಅದನ್ನು ವಿವರಿಸಲು ಪುಸ್ತಿಕೆಯೊಂದನ್ನು ಬರೆದರು. ಅದು ಹಲವು ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಪಂಚಾಂಗ ತಿದ್ದಬೇಕು, ಕಣ್ಣಿಂದ ನೋಡಿ ತಿದ್ದಬೇಕು ಎಂಬ ಹಟ ಅವರದು. ಬೆಂಗಳೂರಿನ ಬಿ. ಎಸ್. ಶೈಲಜಾ ಅವರು ಆ ಕನ್ನಡ ಪುಸ್ತಿಕೆಯನ್ನು ಮತ್ತೆ ಬೆಳಕಿಗೆ ತಂದ ಕಾರಣ ನಮ್ಮಂಥವರಿಗೆ ಅದು ತಿಳಿಯಿತು.

ನರಸಿಂಗರಾವ್ 1892ರಲ್ಲಿ ತೀರಿಕೊಂಡರು. ಬಳಿಕ ವೀಕ್ಷಣಾಲಯವೂ ಹೆಚ್ಚು ಕಾಲ ಬಾಳಲಿಲ್ಲ. ಈಗ ಆ ಜಾಗದ ಸುತ್ತ ಬಟ್ಟೆಯಂಗಡಿ, ಹೋಟೆಲು. ಅದಕ್ಕಾಗಿ ನಿಟ್ಟುಸಿರು ಬಿಡುವುದಕ್ಕಿಂತ ನನಗೆ ಕಾಡುವುದು ಬೇರೆ ವಿಷಯ. ಮಾವ ಅಳಿಯ ಇಬ್ಬರೂ ಲೆಕ್ಕ ಬಲ್ಲವರು, ಹಣವಿದ್ದವರು, ಐವತ್ತು ವರ್ಷ ಆಕಾಶ ನೋಡಿದವರು. ಅವರ ಗಾಜು ಮಾತ್ರ ಇಂಗ್ಲೆಂಡಿನದು. ಗಾಜಿನ ಬಳೆ, ಮಣಿ, ಸೀಸೆ ಮಾಡುವವರು ಈ ದೇಶದಲ್ಲಿ ಧಾರಾಳವಾಗಿದ್ದರಲ್ಲ, ಮತ್ತೆ ಯಾಕೆ ಹೀಗೆ?

ಉತ್ತರ ಪಾಯಸ ಮಾಡುವವರಿಗೆ ಬೇಗ ಹೊಳೆಯುತ್ತದೆ. ಕೈಯಾಡಿಸದೆ ಬಿಟ್ಟರೆ ತಳದಲ್ಲೊಂದು ಹದ, ಮೇಲೊಂದು ಹದ. ಕರಗಿದ ಗಾಜಿನಲ್ಲೂ ಹಾಗೇ. ಭಾರದ ಅಂಶ ಕೆಳಗಿಳಿಯುತ್ತದೆ, ಹಗುರದ್ದು ತೇಲುತ್ತದೆ, ತಣಿದ ಮೇಲೆ ಒಳಗೆ ಕೂದಲಿನಂಥ ಎಳೆಗಳು ಉಳಿಯುತ್ತವೆ. ಬಳೆಗೆ ಅದರಿಂದ ತೊಂದರೆಯಿಲ್ಲ. ದೂರದರ್ಶಕದಲ್ಲಿ ಒಂದು ನಕ್ಷತ್ರ ಬಾಲ ಬೆಳೆಸಿಕೊಂಡು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಪಿಯರ್ ಲೂಯಿ ಗಿನಾನ್ ಎಂಬ ಕುಶಲಕರ್ಮಿ ವರ್ಷಗಟ್ಟಲೆ ಒದ್ದಾಡಿ, ಹತ್ತೊಂಬತ್ತನೇ ಶತಮಾನದ ಹೊಸ್ತಿಲಲ್ಲಿ, ಕಡೆಯುವುದಕ್ಕೆ ಸುಟ್ಟ ಜೇಡಿಮಣ್ಣಿನ ಸೌಟು ಬಳಸಿದ. ಕುಲುಮೆಯ ಕಾವಿಗೆ ಅದು ಕರಗದು, ಗಾಜಿಗೆ ಬಣ್ಣ ಬಿಡದು. ಇಷ್ಟೇ ಗುಟ್ಟು. ಆ ಗುಟ್ಟು ಬವೇರಿಯಾದಲ್ಲಿ ಫ್ರೌನ್‌ಹೋಫರ್‌ನ ಕೈ ಸೇರಿತು; ಗಿನಾನ್‌ನ ಮಗನ ಮೂಲಕ ಪ್ಯಾರಿಸ್ಸಿಗೆ ಹೋಯಿತು; ಅಲ್ಲಿಂದ 1848ರಲ್ಲಿ ಜಾರ್ಜ್ ಬೋಂತಾಂ ಜೊತೆ ಬರ್ಮಿಂಗ್‌ಹ್ಯಾಮಿನ ಚಾನ್ಸ್ ಬ್ರದರ್ಸ್ ಕಾರ್ಖಾನೆಗೆ ಬಂತು. ಇಂಗ್ಲೆಂಡಿನಲ್ಲಿ ಅಷ್ಟು ತಡವಾದದ್ದಕ್ಕೆ ಒಂದು ಕಾರಣ ಗಾಜಿನ ಮೇಲಿದ್ದ ಅಬಕಾರಿ ಸುಂಕ. ಅದು 1845ರಲ್ಲಿ ರದ್ದಾಯಿತು. ಅದಿರುವವರೆಗೆ ಕುಲುಮೆಯಲ್ಲಿ ಪ್ರಯೋಗ ಮಾಡುವುದೆಂದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

1884ರಲ್ಲಿ ಜರ್ಮನಿಯ ಯೆನಾದಲ್ಲಿ ರಸಾಯನಶಾಸ್ತ್ರಜ್ಞ ಒಟ್ಟೊ ಶಾಟ್, ಭೌತಶಾಸ್ತ್ರಜ್ಞ ಅರ್ನ್ಸ್ಟ್ ಆಬ್ಬೆ, ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಝೈಸ್ ಸೇರಿ ಗಾಜಿನ ಪ್ರಯೋಗಾಲಯ ತೆರೆದಾಗ ಆಟದ ನಿಯಮವೇ ಬದಲಾಯಿತು. ಬೇರಿಯಂ, ಬೋರಾನ್ ಬೆರೆಸಿ, ಬೇಕಾದ ಗುಣಕ್ಕೆ ತಕ್ಕ ಗಾಜನ್ನು ಲೆಕ್ಕ ಹಾಕಿ ಬೇಯಿಸತೊಡಗಿದರು. ಎಲ್ಲರೂ ಅಲ್ಲಿಂದಲೇ ಕೊಳ್ಳತೊಡಗಿದರು. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ ತನಗೆ ಬೇಕಾದ ಆಪ್ಟಿಕಲ್ ಗಾಜಿನಲ್ಲಿ ಹತ್ತನೇ ಒಂದು ಪಾಲನ್ನಷ್ಟೇ ತಾನು ಮಾಡಿಕೊಳ್ಳುತ್ತಿತ್ತು. ಹೆಚ್ಚಿನದು ಬರುತ್ತಿದ್ದದ್ದು ಶತ್ರುವಿನಿಂದ. ಜಗತ್ತನ್ನು ಆಳುತ್ತಿದ್ದವರಿಗೂ ದುರ್ಬೀನಿಗೆ ಗಾಜಿಲ್ಲ. ಅಲ್ಲಿಂದ ಮುಂದೆ ಪ್ರತಿ ದೊಡ್ಡ ದೇಶವೂ ಗಾಜಿನ ಕುಲುಮೆಯನ್ನು ಮದ್ದುಗುಂಡಿನ ಕಾರ್ಖಾನೆಯ ಸಾಲಿಗೆ ಸೇರಿಸಿತು. 1945ರಲ್ಲಿ ಅಮೆರಿಕನ್ನರು ಯೆನಾವನ್ನು ಸೋವಿಯತ್ ಕೈಗೆ ಬಿಟ್ಟು ಹೊರಡುವಾಗ ಶಾಟ್ ಕಂಪನಿಯ ತಜ್ಞರನ್ನು ಪಶ್ಚಿಮಕ್ಕೆ ಹೊತ್ತುಕೊಂಡೇ ಹೋದರು.

ವಿಶಾಖಪಟ್ಟಣದ ಆರ್. ಕೆ. ಬೀಚಿಗೆ ಬಂದವರು ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯ ಒಳಗೆ ಹೋಗದೆ ಇರುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರಲ್ಲಿ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತವಾಗಿ, 2002ರಿಂದ ಮರಳ ಮೇಲೆ ಕೂತಿದೆ. ಮಕ್ಕಳು ಟಾರ್ಪಿಡೊ ಎಲ್ಲಿ ಎಂದು ಕೇಳುತ್ತಾರೆ. ನಾನು ಬೆಂಗಳೂರಿನಿಂದ ಬಂದ ನೆಂಟರಿಗೆ ತೋರಿಸುವುದು ಪೆರಿಸ್ಕೋಪ್. ಅಷ್ಟು ದೊಡ್ಡ ಉಕ್ಕಿನ ಮೀನಿಗೆ ಮುಳುಗಿದಾಗ ಕಣ್ಣೆಂದರೆ ಆ ಕೊಳವೆಯ ತುದಿಯ ಚಿಕ್ಕ ಗಾಜಿನ ಕಿಟಕಿಯೇ. ಉಪ್ಪುನೀರು, ಒತ್ತಡ, ಅಲೆಯ ಹೊಡೆತ ತಡೆದು, ಅದು ದಿಗಂತವನ್ನು ವಕ್ರವಾಗದಂತೆ ಕೆಳಗಿಳಿಸಬೇಕು. ಹಡಗನ್ನು ಕೊಂಡವರು ಕಿಟಕಿಯನ್ನೂ ಕೊಂಡೆವು.

ಭಾರತ ಕೈಕಟ್ಟಿ ಕೂತಿತ್ತು ಎಂದರೆ ಅನ್ಯಾಯವಾದೀತು. 1950ರಲ್ಲಿ ಕಲ್ಕತ್ತಾದಲ್ಲಿ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ನಿರ್ದೇಶಕ ಆತ್ಮಾರಾಮ್, ಹೊರಗಿನ ಯಾರೂ ಗುಟ್ಟು ಬಿಟ್ಟುಕೊಡದಿದ್ದಾಗ, ಇಲ್ಲಿನ ಕಚ್ಚಾವಸ್ತುಗಳಿಂದಲೇ ಆಪ್ಟಿಕಲ್ ಗಾಜು ಬೇಯಿಸುವ ವಿಧಾನ ರೂಪಿಸಿದರು. ಅರವತ್ತರ ದಶಕದಲ್ಲಿ ಉತ್ಪಾದನೆಯೂ ಆಯಿತು. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಚೀನಾದಲ್ಲಿ ವಾಂಗ್ ದಾಹೆಂಗ್ ಅದೇ ಕೆಲಸಕ್ಕೆ ಕೈ ಹಾಕಿದ್ದರು. ಅವರು ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಅದೇ ಚಾನ್ಸ್ ಬ್ರದರ್ಸ್ ಕಾರ್ಖಾನೆ ಸೇರಿ ಗಾಜಿನ ವಿದ್ಯೆ ಕಲಿತು ಮರಳಿದವರು. 1953ರಲ್ಲಿ ಚಾಂಗ್‌ಚುನ್‌ನಲ್ಲಿ ಅವರ ಮೊದಲ ಗಾಜಿನ ಮಡಕೆ ಇಳಿಯಿತು.

ಅಂದರೆ ಎರಡು ದೇಶಗಳ ಓಟ ಒಂದೇ ಗೆರೆಯಿಂದ ಶುರು. ಮುಂದಿನದು ನಮಗೆ ಗೊತ್ತು. ಇವತ್ತು ಜಪಾನಿನ ಹೋಯಾ, ಓಹರಾ, ಜರ್ಮನಿಯ ಶಾಟ್ ಜೊತೆಗೆ ಚೆಂಗ್ಡುವಿನ ಸಿಡಿಜಿಎಂ ಜಗತ್ತಿನ ದೊಡ್ಡ ಗಾಜು ಮಾರಾಟಗಾರರಲ್ಲಿ ಒಂದು. ನಮ್ಮಲ್ಲಿ ಕನ್ನಡಕದ ಗಾಜಿಗೆಂದು ದುರ್ಗಾಪುರದಲ್ಲಿ ಕಟ್ಟಿದ ಸರ್ಕಾರಿ ಕಾರ್ಖಾನೆ ನಷ್ಟದಲ್ಲಿ ಮುಚ್ಚಿತು. ಕಲ್ಕತ್ತಾದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ನಿಂತು, ಜಾಧವಪುರ ವಿಶ್ವವಿದ್ಯಾಲಯದ ಪಾಲಾಯಿತು. ಪ್ರತಿಭೆ ಸಾಲದೆ ಹೀಗಾಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗಾಜು ಎಂಬುದು ಇಪ್ಪತ್ತು ಮೂವತ್ತು ವರ್ಷ ಬಿಡದೆ ಕೈಯಾಡಿಸುವವರಿಗೆ ಒಲಿಯುವ ವಿದ್ಯೆ. ನಮ್ಮಲ್ಲಿ ಮೊದಲ ಮಡಕೆ ಇಳಿದ ದಿನ ಫೋಟೋ ತೆಗೆಸಿಕೊಂಡದ್ದಾಯಿತು, ನೂರನೇ ಮಡಕೆಗೆ ಹಣ ಕೊಡುವವರಿರಲಿಲ್ಲ.

ಉಜ್ಜುವ ಕೆಲಸದ ಕತೆ ಬೇರೆ. ಕೆಲಸ ಇಲ್ಲಿ ನಿಂತಿದೆ, ಬೆಳೆದಿದೆ. ಪಾಗ್ಸನ್ ಗ್ರಹಣ ನೋಡಿದ ಮಚಲೀಪಟ್ಟಣ ವಿಜಯವಾಡದಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಇಲ್ಲಿನ ಜನರಿಗೆ ಅದು ಬರೀ ‘ಬಂದರು’. ಕಲಂಕಾರಿ ಬಟ್ಟೆಗೆ, ಬಂದರು ಲಡ್ಡುವಿಗೆ ಹೆಸರಾದ ಆ ಊರಿನಲ್ಲಿ 1926ರಲ್ಲಿ ಆಂಧ್ರ ಸೈಂಟಿಫಿಕ್ ಕಂಪನಿ ಹುಟ್ಟಿತು. ಶಾಲಾ ಕಾಲೇಜುಗಳ ಪ್ರಯೋಗಾಲಯಕ್ಕೆ ಬೇಕಾದ ಉಪಕರಣಗಳನ್ನು ನಾವೇ ಮಾಡೋಣ ಎಂಬ ಸ್ವದೇಶಿ ಕಾಲದ ಹುರುಪು. ದಶಕಗಳು ಕಳೆದು ಕಂಪನಿ ಸೊರಗಿದಾಗ, 1983ರಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಅದನ್ನು ವಹಿಸಿಕೊಂಡಿತು. ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್‌ಗೆ ಅದು ಗಾಜಿಯಾಬಾದ್, ಪುಣೆಯ ನಂತರದ ನೆಲೆ. ಹೀಗೆ ಪ್ರಯೋಗಾಲಯದ ಸಾಮಾನು ಮಾಡುತ್ತಿದ್ದ ಕಡಲೂರು, ಸೈನಿಕರಿಗೆ ಕತ್ತಲಲ್ಲಿ ಕಾಣಿಸುವ ದುರ್ಬೀನು, ಮಸೂರ, ಕಿಟಕಿಗಳನ್ನು ಮಾಡುವ ಊರಾಯಿತು.

ಸಮತಟ್ಟಾದ ಕಿಟಕಿ ಮಾಡುವುದು ಹೇಗೆ ಎಂಬುದನ್ನು ಸ್ವಲ್ಪ ಹೇಳಬೇಕು. ಮೊದಲು ಒರಟು ಪುಡಿಯಿಂದ, ಆಮೇಲೆ ನಯವಾದ ಪುಡಿಯಿಂದ ಬಿಲ್ಲೆಯನ್ನು ತೇಯುತ್ತಾರೆ. ಆಗ ಅದು ಮಂಜು ಹಿಡಿದಂತೆ ಇರುತ್ತದೆ. ಕೊನೆಗೆ ಟಾರಿನಂಥ ಅಂಟಿನ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಕಲಸಿದ ನೀರು ಹನಿಸುತ್ತಾ ಗಂಟೆಗಟ್ಟಲೆ ಉಜ್ಜಿ ಹೊಳಪು ಬರಿಸುತ್ತಾರೆ. ಕೋಣೆಯ ಉಷ್ಣಾಂಶ ಏರಿದರೆ ಅಂಟು ಮೆದುವಾಗಿ ಆಕಾರ ಕೆಡುತ್ತದೆ. ಸಮತಟ್ಟಾಗಿದೆಯೋ ಇಲ್ಲವೋ ನೋಡಲು, ಗುಣಮಟ್ಟ ಗೊತ್ತಿರುವ ಇನ್ನೊಂದು ಗಾಜನ್ನು ಅದರ ಮೇಲಿಟ್ಟು ಸೋಡಿಯಂ ದೀಪದ ಕೆಳಗೆ ಹಿಡಿಯುವುದು ಹಳೆಯ ಕ್ರಮ. ಹಳದಿ ಕಪ್ಪು ಪಟ್ಟೆಗಳು ಮೂಡುತ್ತವೆ. ಪಟ್ಟೆ ನೇರವಾಗಿದ್ದರೆ ಗಾಜು ಸಮ, ಬಾಗಿದ್ದರೆ ಉಬ್ಬು ಅಥವಾ ತಗ್ಗು. ಒಂದು ಪಟ್ಟೆಯಷ್ಟು ವ್ಯತ್ಯಾಸವೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ ಮೂರನೇ ಒಂದಕ್ಕಿಂತಲೂ ಕಡಿಮೆ. ಜಮಖಂಡಿಯಲ್ಲೂ ಗುಂಟೂರಿನಲ್ಲೂ ದಾರಿ ತಪ್ಪಿಸಿದ ಅದೇ ಸೋಡಿಯಂ ಹಳದಿ ಇಲ್ಲಿ ಅಳತೆಗೋಲು.

ಉಜ್ಜುವ ಕೈ ನಮ್ಮದು, ಗಟ್ಟಿ ಅವರದು ಎಂಬುದಕ್ಕೆ ನಾಡಿನ ಅತಿ ಗೌರವದ ಉದಾಹರಣೆ ಕಾವಲೂರಿನ ವೇಣು ಬಾಪು ದೂರದರ್ಶಕ. 1986ರಲ್ಲಿ ಲೋಕಾರ್ಪಣೆಯಾದ ಅದರ 2.3 ಮೀಟರಿನ ಕನ್ನಡಿಯನ್ನು ಉಜ್ಜಿದ್ದು ಬೆಂಗಳೂರಿನ ಕೋರಮಂಗಲದಲ್ಲಿ, ಭಾರತೀಯ ತಾರಾಭೌತ ಸಂಸ್ಥೆಯಲ್ಲಿ. ಉಜ್ಜಿದ ಝೆರೊಡ್ಯೂರ್ ಬಿಲ್ಲೆ ಬಂದದ್ದು ಜರ್ಮನಿಯ ಶಾಟ್‌ನಿಂದ. ನಕ್ಷತ್ರ ನೋಡುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ; ಒಂದು ಬಿಲ್ಲೆ ಬಂದರೆ ತಲೆಮಾರುಗಳ ಕಾಲ ಸಾಕು. ತಿಂಗಳಿಗೆ ನೂರಾರು ಕಿಟಕಿ ಬೇಕಾದವರ ಪಾಡು ಹಾಗಲ್ಲ.

ಕತ್ತಲಲ್ಲಿ ಮನುಷ್ಯನ ಮೈಶಾಖವನ್ನೇ ನೋಡುವ ಥರ್ಮಲ್ ಕ್ಯಾಮೆರಾಕ್ಕೆ, ತಾತ ಹರ್ಷೆಲ್ ಕಂಡ ಆ ಕಾಣದ ಬೆಳಕು ಒಳಗೆ ಹೋಗಬೇಕು. ಗಾಜು ಬಿಡುವುದಿಲ್ಲ. ಉಪ್ಪು ಬಿಡುತ್ತದೆ, ಆದರೆ ವಿಶಾಖಪಟ್ಟಣದ ಸೆಕೆಗೆ ಅದು ಸಂಜೆಯೊಳಗೆ ನೀರೊಡೆಯುತ್ತದೆ. ಆ ಕೆಲಸಕ್ಕೆ ಒದಗಿದ್ದು ಜರ್ಮೇನಿಯಂ. ಮೆಂಡಲೀವ್ 1871ರಲ್ಲಿ ತನ್ನ ಕೋಷ್ಟಕದಲ್ಲಿ ಜಾಗ ಖಾಲಿ ಬಿಟ್ಟು ಹೀಗೊಂದು ಧಾತು ಇರಬೇಕು ಎಂದಿದ್ದ. 1886ರಲ್ಲಿ ಫ್ರೈಬರ್ಗ್‌ನ ಕ್ಲೆಮೆನ್ಸ್ ವಿಂಕ್ಲರ್ ಅದನ್ನು ಬೇರ್ಪಡಿಸಿದ. ಕೈಗೆತ್ತಿಕೊಂಡರೆ ಬೂದುಬಣ್ಣದ ಕನ್ನಡಿಯಂಥ ಲೋಹದ ಬಿಲ್ಲೆ, ಕಣ್ಣಿಗೆ ಹಿಡಿದರೆ ಗೋಡೆ. ಕ್ಯಾಮೆರಾಕ್ಕೆ ಹಿಡಿದರೆ ಕಿಟಕಿ. ಹಾಗೆಂದು ಸಲೀಸಾದ ವಸ್ತುವಲ್ಲ. ಲೇಪನವಿಲ್ಲದಿದ್ದರೆ ಬಂದ ಬೆಳಕಿನ ಅರ್ಧಕ್ಕೂ ಹೆಚ್ಚನ್ನು ಹಿಂದಕ್ಕೆಸೆಯುತ್ತದೆ, ಅದಕ್ಕೆ ಎರಡೂ ಮುಖಕ್ಕೆ ತೆಳು ಪದರಗಳನ್ನು ಬಳಿಯಬೇಕು. ನೂರು ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಅದೂ ಮುಚ್ಚಿಕೊಳ್ಳುತ್ತದೆ.

ಜರ್ಮೇನಿಯಂಗೆ ಅಂತಲೇ ಯಾರೂ ಗಣಿ ತೋಡುವುದಿಲ್ಲ ಎನ್ನಬಹುದು. ಸತು ಶುದ್ಧೀಕರಿಸುವಾಗ ಉಳಿಯುವ ಗಸಿಯಲ್ಲಿ, ಕೆಲವು ಕಲ್ಲಿದ್ದಲ ಬೂದಿಯಲ್ಲಿ ಅದು ಚೂರುಪಾರು ಸಿಗುತ್ತದೆ. ಆ ಚೂರನ್ನು ಹೆಕ್ಕುವ ತಾಳ್ಮೆ ತೋರಿಸಿದ್ದು ಚೀನಾ. ಜಗತ್ತಿನ ಶುದ್ಧ ಜರ್ಮೇನಿಯಂನಲ್ಲಿ ಸುಮಾರು ಶೇ 60 ಅವರದು. 2023ರ ಆಗಸ್ಟ್ 1ರಿಂದ ರಫ್ತಿಗೆ ಪರವಾನಗಿ ಬೇಕೆಂದರು. 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಮಾರುವುದನ್ನೇ ನಿಲ್ಲಿಸಿದರು. ಬೆಲೆ ಎರಡು ಪಟ್ಟು ದಾಟಿತು. ಭಾರತ ಸರ್ಕಾರ 2023ರಲ್ಲಿ ಹೊರಡಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಜರ್ಮೇನಿಯಂ ಇದೆ, ಮತ್ತು ಪೂರ್ತಿಯಾಗಿ ಆಮದನ್ನೇ ನೆಚ್ಚಿದವುಗಳ ಸಾಲಿನಲ್ಲೂ ಇದೆ. ಟ್ರಾನ್ಸ್‌ಫಾರ್ಮರ್‌ಗಳ ಬಿಸಿ ಅಳೆಯುವ ಕ್ಯಾಮೆರಾಗಳಿಗೆ ನನ್ನ ತಂಡ ಸಾಫ್ಟ್‌ವೇರ್ ಬರೆಯುತ್ತಿದ್ದ ದಿನಗಳವು. ಮಾರಾಟಗಾರರ ದರಪತ್ರದಲ್ಲಿ ‘90 ದಿನ ಚಾಲ್ತಿ’ ಎಂದಿದ್ದದ್ದು ‘7 ದಿನ ಚಾಲ್ತಿ’ ಎಂದಾಯಿತು. ನಮ್ಮ ಕೋಡು ಮುಗಿದು ಕೂತಿತ್ತು, ಹಾರ್ಡ್‌ವೇರ್ ಬರಲಿಲ್ಲ. ಪ್ರಾಜೆಕ್ಟ್ ಪ್ಲಾನಿನಲ್ಲಿ ಆ ಸಾಲಿನ ಮುಂದೆ ‘ಆಪ್ಟಿಕ್ಸ್’ ಎಂಬ ಒಂದೇ ಪದ.

ವಿಶಾಖಪಟ್ಟಣದಲ್ಲೇ ಹಿಂದೂಸ್ಥಾನ್ ಜಿಂಕ್‌ನ ಸತು ಕರಗಿಸುವ ಕಾರ್ಖಾನೆ ಇತ್ತು. 1977ರಲ್ಲಿ ಶುರುವಾಗಿ 2012ರಲ್ಲಿ ನಿಂತಿತು. ಎಲ್ಲ ಸತುವಿನ ಅದಿರಲ್ಲೂ ಜರ್ಮೇನಿಯಂ ಇರದು, ಇದ್ದರೂ ಹೆಕ್ಕುವುದು ಲಾಭವಾಗದು. ಕಿಲೋಗಟ್ಟಲೆ ಸಿಗುವ ವಸ್ತುವಿಗಾಗಿ ಸಾವಿರ ಸಾವಿರ ಟನ್ನಿನ ಕಾರ್ಖಾನೆ ತನ್ನ ಕ್ರಮ ಬದಲಿಸದು. ಆದರೆ ಇಂಥ ಕಾರ್ಖಾನೆಗಳ ಗಸಿಯನ್ನು ಜಾಲಿಸಿ ನೋಡುವ ಅಭ್ಯಾಸವೇ ಒಂದು ದೇಶದ ಆಸ್ತಿ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ನಿರ್ಣಾಯಕ ಖನಿಜಗಳ ಯೋಜನೆಯಲ್ಲಿ ಹೀಗೆ ಗಸಿಯಿಂದ ಹೆಕ್ಕುವ ಮಾತಿದೆ. ಮಾತು ಮಡಕೆಗೆ ಇಳಿಯಬೇಕು.

ಬದಲಿ ದಾರಿಗಳೂ ತೆರೆದಿವೆ. ಹೈದರಾಬಾದಿನ ಎಆರ್‌ಸಿಐ ಪ್ರಯೋಗಾಲಯ ಸತುವಿನ ಸಲ್ಫೈಡನ್ನು ಆವಿಯಿಂದ ಪದರ ಪದರವಾಗಿ ಬೆಳೆಸಿ ಅವಗೆಂಪಿನ ಕಿಟಕಿ, ಗುಮ್ಮಟಗಳನ್ನು ಮಾಡಿದೆ. ಸ್ಪೈನೆಲ್ ಎಂಬ ಪಾರದರ್ಶಕ ಸೆರಾಮಿಕ್ಕಿನಲ್ಲೂ ಕೆಲಸ ನಡೆಸಿದೆ. ಗಂಧಕದ ಬಂಧುಗಳಾದ ಸೆಲೀನಿಯಂನಂಥವು ಸೇರಿದ ಚಾಲ್ಕೊಜಿನೈಡ್ ಗಾಜುಗಳನ್ನು ಜರ್ಮೇನಿಯಂನ ಬದಲಿಗೆ, ಇಲ್ಲವೇ ಅದನ್ನು ಕಡಿಮೆ ಬಳಸಿ, ಅಚ್ಚಿನಲ್ಲಿ ಒತ್ತಿ ಮಸೂರ ಮಾಡುವುದು ಜಗತ್ತಿನ ಹಲವೆಡೆ ನಡೆದಿದೆ. ಒಂದೊಂದಕ್ಕೂ ಅದರದೇ ಕೊರತೆ: ಒಂದು ಮೆದು, ಒಂದು ದುಬಾರಿ, ಇನ್ನೊಂದು ದೂರದ ಅವಗೆಂಪನ್ನು ಬಿಡದು. ಎಲ್ಲ ಗುಣವೂ ಇರುವ ಕಿಟಕಿ ಇನ್ನೂ ಯಾರ ಕುಲುಮೆಯಿಂದಲೂ ಇಳಿದಿಲ್ಲ.

ವಿಜಯವಾಡದಿಂದ ಬಂದರಿಗೆ ಹೋಗುವ ಹೆದ್ದಾರಿಯಲ್ಲಿ ಪಾಮರ್ರು ಹತ್ತಿರ ನಿಮ್ಮಲೂರು ಎಂಬ ಹಳ್ಳಿ. ಸುತ್ತ ಕೃಷ್ಣಾ ಕಾಲುವೆಯ ಗದ್ದೆ, ಮೀನಿನ ಕೆರೆಗಳು. 2025ರ ಅಕ್ಟೋಬರ್ 16ರಂದು ಪ್ರಧಾನಿ ಕರ್ನೂಲಿನಿಂದ ಲೋಕಾರ್ಪಣೆ ಮಾಡಿದ ಬಿಇಎಲ್‌ನ ಹೊಸ ರಾತ್ರಿದೃಷ್ಟಿ ಉಪಕರಣಗಳ ಕಾರ್ಖಾನೆ ಅಲ್ಲಿದೆ, ಸುಮಾರು 360 ಕೋಟಿ ರೂಪಾಯಿಯದು. ಜಾನ್ಸೆನ್‌ನ ಗುಂಟೂರಿಗೂ ಪಾಗ್ಸನ್‌ನ ಬಂದರಿಗೂ ನಡುವೆ, ಅಂದು ಚಂದ್ರನ ನೆರಳು ಓಡಿದ ಹಾದಿಯ ಆಸುಪಾಸಿನಲ್ಲೇ ಇರುವ ನೆಲ. ಲೋಕಾರ್ಪಣೆಯ ಮರುತಿಂಗಳು, ನವೆಂಬರಿನಲ್ಲಿ, ಚೀನಾ ಅಮೆರಿಕದ ಮೇಲಿನ ಜರ್ಮೇನಿಯಂ ನಿಷೇಧವನ್ನು ತಾತ್ಕಾಲಿಕವಾಗಿ ತೆಗೆದಿಟ್ಟಿತು. ಗಡುವು 2026ರ ನವೆಂಬರ್ 27. ಪರವಾನಗಿಯ ನಿಯಮ ಎಲ್ಲರಿಗೂ ಹಾಗೇ ಉಳಿದಿದೆ.